ಹೊಗೆಯಿಲ್ಲದ ಕೆಂಡ

ಫ್ರಿಜ್ಜಿನ ಅಡಿಯಿಂದ ನೀರು ಹೊರಟಿದೆ, ಹೊಸ ಟೈಲ್ಸಿನ ಸಂದಿ ಹಿಡಿದು ಮೆಲ್ಲಗೆ ಹರಿದು ನನ್ನ ಕಾಲಬೆರಳಿನ ಹತ್ತಿರ ಬಂದು ನಿಂತಿತು, ತಣ್ಣಗೆ — ಒಳಗಿನ ಬರ್ಫೆಲ್ಲ ಕರಗಿತು ಅಂತ ಅರ್ಥ, ಇನ್ನು ಹಾಲು ಕಾಯಿಸದಿದ್ದರೆ ಒಡೆಯುತ್ತದೆ, ಮೊಸರು ಆಗಲೇ ನೊರೆ ಎದ್ದಿದೆ, ನಿನ್ನೆಯ ಬೇಳೆಸಾರು ಮೂಸಿ ನೋಡಿದೆ, ಮೂಗಿಗೆ ಏನೂ ತಿಳಿಯಲಿಲ್ಲ, ಆದರೂ ಹಿತ್ತಲಿಗೆ ಚೆಲ್ಲಿದೆ, ಮನೆಯಲ್ಲಿ ಬಾಣಂತಿ ಇರುವಾಗ ಮೂಗಿನ ಮಾತೊಂದನ್ನೇ ನಂಬಬಾರದು, ಮೂಗಿಗೆ ತಿಳಿಯದ್ದು ಬಹಳ ಇದೆ — ಬೇಡ, ಆ ಕಡೆ ಹೋಗುವುದು ಬೇಡ, ಹಾಲು ಮೊದಲು. ಕಟ್ಟೆಯ ಮೇಲೆ ಕರೆಂಟಿನ ಒಲೆ ಕನ್ನಡಿಯ ಹಾಗೆ ಹೊಳೆಯುತ್ತಾ ಕೂತಿದೆ, ಬಗ್ಗಿದರೆ ಅದರಲ್ಲಿ ನನ್ನ ಮುಖ ಕಾಣಿಸುತ್ತದೆ, ಮುಖ ನೋಡಿಕೊಳ್ಳುವುದು ಬಿಟ್ಟರೆ ಬೇರೆ ಯಾವುದಕ್ಕೂ ಬಾರದು. ಗಾಳಿಗೆ ಕಂಬ ಬಿದ್ದು ಮೂರು ದಿನ, ಲೈನ್‌ಮನ್ ದುಂಡೇಶ ಮೊಣಕಾಲತನಕ ಕೆಸರು ಮಾಡಿಕೊಂಡು ಬೆಳಿಗ್ಗೆ ಬಂದು ನಿಂತಿದ್ದ, ಕಾಕಿ, ಹೊಳಿ ಇಳಿಯೂತನ ನೀವೂ ಅಷ್ಟ ನಾನೂ ಅಷ್ಟರಿ, ನಮ್ಮನ್ಯಾಗೂ ಕತ್ತಲಾನ ಐತಿ, ಒಂದ ಕಪ್ ಚಹಾ ಸಿಕ್ಕರ ಪುಣ್ಯಾ ಬರ್ತೈತಿ ಅಂದ, ನೀ ಕರೆಂಟ್ ಕೊಡು, ನಾ ಚಹಾ ಕೊಡ್ತೀನಿ ಅಂದೆ, ನಕ್ಕು ಹೋದ. ಗ್ಯಾಸು ನಿನ್ನೆ ರೊಟ್ಟಿ ಬೇಯುತ್ತಿರುವಾಗಲೇ ನೀಲಿ ಉರಿ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಆರಿತು, ಇವರು — ನನ್ನ ಗಂಡ ರಾಜಾರಾಮ — ಸಿಲಿಂಡರನ್ನು ಮೋಟರ್‌ಸೈಕಲ್ಲಿಗೆ ಹಗ್ಗದಿಂದ ಬಿಗಿದುಕೊಂಡು ಚಿಕ್ಕೋಡಿಗೆ ಹೋಗಿ, ಖಾಲಿ ಒಯ್ದದ್ದನ್ನು ಖಾಲಿಯೇ ತಿರುಗಿ ತಂದರು, ಗ್ಯಾಸಿನ ಲಾರಿ ನೀರಿನ ಆಚೀಕ ನಿಂತಾವಂತ, ಇರ್ಲಿ ಬಿಡು, ಇದಕ್ಕೂ ಒಂದ ಸಲ ಪ್ಯಾಟಿ ತೋರಿಸಿದಂಗ ಆತು ಅಂದರು, ನನಗೆ ನಗು ಬರಲಿಲ್ಲ, ಬಂದಂತೆ ಮಾಡಿದೆ, ಮಳೆಯಲ್ಲಿ ತೊಯ್ದು ಬಂದ ಮನುಷ್ಯನಿಗೆ ಅಷ್ಟಾದರೂ ಕೊಡಬೇಕು. ಈ ಮನೆ ಕಟ್ಟಿಸುವಾಗ ಹಿತ್ತಲ ಮೂಲೆಯಲ್ಲಿ ಹಳೆಯ ಒಲೆಯೊಂದು ಇರಲಿ ಅಂದಿದ್ದೆ, ಮಗ ವಿಕ್ರಾಂತ, ಯವ್ವಾ ಇನ್ನ ಊದೂದು ಸಾಕು, ಜೀವಮಾನ ಊದಿದಿ ಅಂದ, ಪ್ರೀತಿಯಿಂದಲೇ ಅಂದ, ಒಡೆಸಿದ. ಕಿಟಕಿಗೆಲ್ಲ ಸರಿಯುವ ಗಾಜು, ಗಾಜಿನ ಅಂಚಿಗೆ ರಬ್ಬರು, ಹೆಂಚಿನ ಮನೆಯಲ್ಲಿ ಹೊಗೆ ತಾನೇ ದಾರಿ ಹುಡುಕಿಕೊಂಡು ಮೇಲೆ ಹೋಗುತ್ತಿತ್ತು, ಈ ಮನೆಯನ್ನು ಮುಚ್ಚಿದರೆ ಇರುವೆಗೂ ದಾರಿಯಿಲ್ಲ, ಮಳೆ ಬಡಿಯುತ್ತಿದೆ ಅಂತ ಎಲ್ಲ ಮುಚ್ಚಿದ್ದಾರೆ, ಎಲ್ಲ.

ತುಳಸಿ, ಏ ತುಳಸಿ, ಶೇಗಡಿ ಎಲ್ಲಿಟ್ಟಿ — ಅವ್ವನ ದನಿ ಪಡಸಾಲೆಯಿಂದ ಬರುತ್ತದೆ, ಹಲ್ಲಿಲ್ಲದ ಬಾಯಿ, ಆದರೆ ಮಾತು ಇನ್ನೂ ಗಟ್ಟಿ, ಕೆಂಚವ್ವ, ನನ್ನ ಹೆತ್ತವಳು, ಕುಡಚಿಯಲ್ಲಿ ಹೊಳೆದಂಡೆಯ ಅವಳ ಮನೆಯ ಹೊಸ್ತಿಲಿಗೆ ಕೃಷ್ಣೆ ಬಂದಳು ಅಂತ ಹೋದ ವಾರ ಇವರೇ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬಂದರು, ಬರಲಾರೆ ಅಂತ ಕಂಬ ಹಿಡಿದು ಕೂತಿದ್ದಳಂತೆ, ನಿಮ್ಮ ಮೊಮ್ಮಗನ ಹೆಂಡ್ತಿಗಿ ಎಣ್ಣಿ ನೀರ ಹಾಕಾವ್ರು ಯಾರೂ ಇಲ್ರಿ ಅತ್ತಿ ಅಂದರಂತೆ ಇವರು, ತಕ್ಷಣ ಕಂಬ ಬಿಟ್ಟಳಂತೆ. ಅದು ಸುಳ್ಳೂ ಅಲ್ಲ, ಸೊಸೆ ಸ್ನೇಹಲಳದು ಚೊಚ್ಚಲು, ಬಾಣಂತನ ತವರಲ್ಲಿ ಆಗಬೇಕಿತ್ತು, ತವರು ಕಾಗವಾಡ, ಆಸ್ಪತ್ರೆಯಿಂದ ಹೊರಡುವಷ್ಟರಲ್ಲಿ ನಡುವಿನ ಸೇತುವೆ ಮುಳುಗಿತು, ಹುಡುಗಿ ಕೂಸನ್ನು ಎತ್ತಿಕೊಂಡು ಅತ್ತೆಯ ಮನೆಗೇ ಬಂದಳು, ಅಳು ನುಂಗಿಕೊಂಡು ಬಂದಳು, ದಿನಾ ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ಚಾರ್ಜ್ ಮಾಡಿದ ಫೋನಿನಲ್ಲಿ ತಾಯಿಗೆ, ಮೀ ಬರೀ ಆಹೆ, ಕಾಳಜೀ ಕರೂ ನಕೋ ಅನ್ನುತ್ತಾಳೆ, ಆರಾಮ ಇದ್ದೇನೆ, ಚಿಂತೆ ಬೇಡ ಅಂತ ಅವಳ ಮರಾಠಿಯಲ್ಲಿ, ಹಾಗೆ ಅನ್ನುವಾಗ ಗೋಡೆಯ ಕಡೆ ತಿರುಗುತ್ತಾಳೆ. ಶೇಗಡಿ ಎಲ್ಲೈತೆ ಅಂದ್ನಿ, ಕಿವಿ ಕೇಳ್ಸಂಗಿಲ್ಲೇನ — ಗಿರಿಜವ್ವ ಒಯ್ದಾಳ ಬೇ, ಅವರ ಮನ್ಯಾಗೂ ಗ್ಯಾಸ್ ಇಲ್ಲ. ಸುಳ್ಳು, ಅವ್ವ ಬರುವ ದಿನವೇ ಶೇಗಡಿಯನ್ನು, ಇದ್ದಲಿಯ ಆ ಸಣ್ಣ ಒಲೆಯನ್ನು, ಮೇವಿನ ಕೋಣೆಯಲ್ಲಿ ಹೊಟ್ಟಿನ ಚೀಲದ ಕೆಳಗೆ ತುರುಕಿದ್ದೇನೆ. ಬಾಣಂತಿ ಮನಿ ಶೇಗಡಿ ಮಂದಿಗಿ ಕೊಟ್ಟೇನ, ಕೂದಲ ಬೆಳ್ಳಗಾದ್ವು, ಬುದ್ಧಿ ಯಾವಾಗ ಬರ್ತೈತಿ ನಿನಗ, ಇಷ್ಟ ದೊಡ್ಡ ಮನಿ ಕಟ್ಟೀರಿ, ಒಂದ ಕೆಂಡ ಇಡಾಕ ಜಾಗಿಲ್ಲ, ಹೊರಗ ಜಡಿಮಳಿ, ಹುಡುಗಿ ಮೈಯಾಗ ಥಂಡಿ ಹೊಕ್ಕರ ಮುಪ್ಪಿನತನ ಬಿಡೂದಿಲ್ಲ, ಕೋಣ್ಯಾಗ ಒಂದ ಶೇಗಡಿ ಇದ್ರ ಅಳವಿ ಪಾಯ್ಸಾನೂ ಕುದೀತೈತಿ, ಅಕಿಗೂ ಕಾವು ಆಗ್ತೈತಿ, ನಾ ಏನ ಮಾಡ್ತೀನಂದ್ರ — ಏನೂ ಮಾಡಬ್ಯಾಡ, ನೀ ಸುಮ್ನ ಕೂಡು, ನಾ ಹೊರಗ ಒಲಿ ಹೂಡ್ತೀನಿ, ಪಾಯ್ಸಾ ಅಲ್ಲೇ ಆಗ್ತೈತಿ, ಅಂದುಬಿಟ್ಟೆ, ಅವಳ ಮಾತು ಮುಗಿಯಲು ಬಿಡಲಿಲ್ಲ, ಬಿಟ್ಟರೆ ಕೋಣೆ ಎಂಬ ಮಾತು ಮತ್ತೆ ಬರುತ್ತದೆ, ಕೋಣೆ ಅಂದರೆ ನನಗೆ ಒಂದೇ ಕೋಣೆ. ಅವ್ವ ನನ್ನನ್ನು ದಿಟ್ಟಿಸಿ ನೋಡಿದಳು, ಕಣ್ಣಿನಲ್ಲಿ ಪೊರೆ ಬಂದಿದೆ, ಎಷ್ಟು ಕಾಣುತ್ತದೋ ಯಾರಿಗೆ ಗೊತ್ತು, ಕಾಣದಿದ್ದರೆ ಒಳ್ಳೆಯದು. ಯಾಕೆ ಬೇಡ ಅಂತ ಹೇಳಬೇಕಾದರೆ ಒಂದು ಹೆಸರು ಹೇಳಬೇಕು, ಆ ಹೆಸರು ಹೇಳಿ, ನಿನ್ನ ಕೈಯಾಗ ಆತು ಬೇ ಅನ್ನಬೇಕು, ಇಷ್ಟು ವಯಸ್ಸಾದವಳಿಗೆ, ಹೇಗೆ ಅನ್ನಲಿ.

ಹೌಸವ್ವ. ಅಕ್ಕ. ಆಗ ಕುಡಚಿಯಲ್ಲಿ ಕರೆಂಟು ಹೋದರೆ ಯಾರೂ ಕೇಳುತ್ತಿರಲಿಲ್ಲ, ಬಂದರೆ ಕೇಳುತ್ತಿದ್ದರು, ಹೊಳೆ ಹೀಗೆಯೇ ತುಂಬಿತ್ತು, ಅಡುಗೆಮನೆಯ ಹೆಂಚು ಹಾರಿ ಒಲೆಯೊಳಗೆ ನೀರು ನಿಂತಿತ್ತು, ಅಕ್ಕ ಚೊಚ್ಚಲು ಹೆತ್ತು ಕಾಳಿನ ಕೋಣೆಯಲ್ಲಿ ಮಲಗಿದ್ದಳು, ಮನೆಯಲ್ಲಿ ಒಣಗಿದ್ದು ಅದೊಂದೇ, ಕಾಳಿಗೆ ಹುಳ ಬೀಳಬಾರದು ಅಂತ ಕಿಟಕಿ ಇಲ್ಲದೆ ಕಟ್ಟಿದ ಕೋಣೆ. ಮಧ್ಯಾಹ್ನ ಎಣ್ಣೆ ನೀರು ಆಯಿತು, ಅವ್ವ ಪಡಸಾಲೆಯಲ್ಲಿ ಶೇಗಡಿ ಹೊತ್ತಿಸಿ ಬೀಸಣಿಕೆಯಿಂದ ಬೀಸುತ್ತಾಳೆ, ಬೀಸುತ್ತಾಳೆ, ಹೊಗೆಯಾಡುವ ಒಂದೊಂದು ಇದ್ದಲಿಯನ್ನು ಇಕ್ಕಳದಿಂದ ಆರಿಸಿ ಅಂಗಳಕ್ಕೆ ಹಾಕುತ್ತಾಳೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಹೊಗಿ ಪೂರಾ ಹೋಗಬೇಕ ತುಳಸಿ, ಬಾಣಂತಿಗಿ ಹೊಗಿ ಆಗಬಾರದು, ಕಣ್ಣು ಕೆಡ್ತಾವು, ಕೆಂಡ ಹಣ್ಣಾದ ಮ್ಯಾಗ ಒಳಗ ಒಯ್ಯಬೇಕ — ಅಷ್ಟು ಜೋಪಾನ, ಅಷ್ಟು ಪ್ರೀತಿ, ಎಲ್ಲ ತಾಯಂದಿರೂ ಹಾಗೆಯೇ ಮಾಡುತ್ತಿದ್ದರು, ಹೊಗೆ ಇದ್ದರೆ ಕೆಟ್ಟದ್ದು, ಹೊಗೆ ಇಲ್ಲದಿದ್ದರೆ ಒಳ್ಳೆಯದು, ಅಷ್ಟೇ ಲೆಕ್ಕ. ಕೆಂಪಗೆ, ಚೆಂದಗೆ, ದಾಳಿಂಬೆಯ ಹಾಗಿದ್ದ ಕೆಂಡ, ಅದರ ಮೇಲೆ ಅಳವಿ ಬೀಜದ ಪಾಯಸದ ಪಾತ್ರೆ ಇಟ್ಟು, ಅಕ್ಕನ ಹೊರಸಿನ ಪಕ್ಕಕ್ಕೆ ಶೇಗಡಿ ಇಟ್ಟಳು. ಯವ್ವಾ, ತಲಿ ಸಿಡ್ಯಾಕತ್ತೈತಿ — ಎಣ್ಣಿ ಇಳ್ಯಾಕತ್ತೈತಿ, ಹಂಗ ಆಗ್ತೈತಿ, ಮಕ್ಕೊ. ಕೂಸು ಅತ್ತಿತು, ಅದು ಅತ್ತದ್ದೇ ಅದರ ಪುಣ್ಯ, ಹಿಡಿ ತುಳಸಿ ಇವನ್ನ, ಅಕ್ಕ ಒಂದ ಚೂರ ಕಣ್ಣ ಮುಚ್ಚಲಿ ಅಂತ ತಂದು ನನ್ನ ತೊಡೆಗೆ ಹಾಕಿದಳು, ಬಾಗಿಲು ಎಳೆದು, ಗಾಳಿ ನುಗ್ಗಬಾರದು ಅಂತ ಬಾಗಿಲ ಅಡಿಗೆ ಕೌದಿ ಒತ್ತಿದಳು. ನಾನು ಪಡಸಾಲೆಯ ತುದಿಯಲ್ಲಿ ಕೂತು ಕೂಸನ್ನು ತೂಗುತ್ತಾ ಹೊಳೆ ನೋಡುತ್ತಿದ್ದೆ, ಯಾರದೋ ಗುಡಿಸಲಿನ ಮಾಡು ಇಡಿಯಾಗಿ ತೇಲಿ ಹೋಯಿತು, ಅದರ ಮೇಲೊಂದು ಬೆಕ್ಕು ಕೂತಿತ್ತು, ಅಕ್ಕ ಎದ್ದ ಮೇಲೆ ಹೇಳಬೇಕು ಅಂದುಕೊಂಡೆ. ಬಾಗಿಲು ತೆಗೆದಾಗ ಒಳಗೆ ಹೊಗೆ ಇರಲಿಲ್ಲ, ನಾತ ಇರಲಿಲ್ಲ, ಅಳವಿ ತಳ ಹಿಡಿದು ಗಟ್ಟಿಯಾಗಿತ್ತು ಅಷ್ಟೇ, ಅಕ್ಕ ಮಲಗಿದ್ದಳು, ಹೆತ್ತ ದಿನದಿಂದ ಬಿಳಿಚಿಕೊಂಡಿದ್ದವಳ ಗಲ್ಲ ಕೆಂಪಗೆ, ಎಷ್ಟು ಕೆಂಪಗೆ ಅಂದರೆ ಕುಂಕುಮ ಕರಗಿ ಇಳಿದಿದೆ ಅಂತ ಅವ್ವ ಸೆರಗಿನ ತುದಿ ನೀರಲ್ಲಿ ಅದ್ದಿ ಒರೆಸಿದಳು, ಹೋಗಲಿಲ್ಲ, ಮತ್ತೆ ಒರೆಸಿದಳು, ಏಳ ಹೌಸಿ, ಮುಖಾ ತೊಳಕೊ, ಪಾಯ್ಸಾ ಆಗೈತಿ, ಅನ್ನುತ್ತಾ ಒರೆಸಿದಳು, ಒರೆಸಿದಳು, ಹೋಗಲಿಲ್ಲ. ಬಂದ ಹೆಂಗಸರು, ಮುಖದ ಕಳಿ ನೋಡ್ರಿ, ಮುತ್ತೈದಿ ಸಾವಂದ್ರ ಇದ, ಅಂದರು, ಗಾಳಿ ಬಡಿದಿದೆ ಅಂದರು, ಹೊಳೆ ಕರೆದುಕೊಂಡಿತು ಅಂದರು, ಸೂತಕದ ದಿನವೇ ಅವ್ವ ಆ ಶೇಗಡಿಯನ್ನು ಒಯ್ದು ಹೊಳೆಗೆ ಎಸೆದಳು, ಸತ್ತವರ ವಸ್ತು ಮನೆಯಲ್ಲಿ ಇಡಬಾರದಲ್ಲ, ಅದಕ್ಕೆ ಅಂತ ಎಲ್ಲರೂ ಅಂದುಕೊಂಡರು.

ಹಾಲು, ಹಾಲು. ಇವರನ್ನು ಕರೆದು ಟ್ರ್ಯಾಕ್ಟರನ್ನು ತಗಡಿನ ಶೆಡ್ಡಿನಿಂದ ಹೊರಗೆ ತೆಗೆಸಿದೆ, ಮೂರು ಕಡೆ ಗೋಡೆ ಇಲ್ಲದ ಶೆಡ್ಡು, ಮೇಲೆ ಮಳೆ ಬೀಳುವುದಿಲ್ಲ, ಗಾಳಿ ಆರಪಾರ ಆಡುತ್ತದೆ, ಬೆಂಕಿ ಇರಬೇಕಾದ ಜಾಗ ಇದೇ, ಡೀಸೆಲ್ಲಿನ ಕ್ಯಾನು ಮೊದಲು ಎತ್ತಿ ದೂರ ಇಡಿಸಿದೆ, ಮನೆ ಕಟ್ಟಿ ಉಳಿದ ಇಟ್ಟಿಗೆ ಮೂರು ಕಡೆ ಇಟ್ಟೆ, ಕಟ್ಟಿಗೆ ಒದ್ದೆ, ಒಂದ ಚೂರ ಡೀಸೆಲ್ ಹಾಕಿದ್ರ ಭಗ್ ಅಂತೈತಿ ನೋಡ ಅನ್ನುತ್ತಾರೆ ಇವರು, ಡೀಸೆಲ್ ಟ್ರ್ಯಾಕ್ಟರಿಗಿ ಕುಡಸ್ರಿ, ಒಲಿಗಿ ಬ್ಯಾಡ, ಭಗ್ ಅಂದದ್ದು ಮೀಸಿ ನೋಡಿ ನಿಲ್ಲಂಗಿಲ್ಲ ಅಂದೆ, ಮೀಸೆ ಮುಟ್ಟಿ ನೋಡಿಕೊಂಡು ಅತ್ತ ಹೋದರು. ಕಬ್ಬಿನ ರವದಿಯ ಒಳಗಿನ ಒಣ ಎಲೆ ಆರಿಸಿ ಮೊದಲು ಅದನ್ನು, ಮೇಲೆ ಕುಳ್ಳಿನ ಚೂರು, ಮೇಲೆ ಸಣ್ಣ ಜಾಲಿ, ಹಿಡಿಯಿತು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ, ಹೊಗೆ ಕಣ್ಣಿಗೆ ಬಂತು, ಬರಲಿ, ಬರುವ ಹೊಗೆಗೆ ನಾನು ಹೆದರುವುದಿಲ್ಲ, ಅದು ಕೆಮ್ಮಿಸಿ ಎಬ್ಬಿಸಿ ಹೊರಗೆ ಓಡಿಸುತ್ತದೆ, ಶತ್ರುವಾದರೂ ಕೂಗಿ ಬರುವ ಶತ್ರು. ಹಾಲು ಉಕ್ಕಿತು, ಇಳಿಸಿದೆ, ಇನ್ನೊಮ್ಮೆ ಉಕ್ಕಿಸಿ ಇಳಿಸಿದೆ, ಪಕ್ಕದಲ್ಲಿ ಬಾಣಂತಿಗೆ ಎರೆಯಲು ಹಂಡೆ ನೀರು, ಆಮೇಲೆ ನುಚ್ಚು, ಸಬ್ಬಸಿಗೆಯ ಪಲ್ಯ, ಆದಷ್ಟೇ ಮಾಡಬೇಕು, ಉಳಿಸಬಾರದು, ಉಳಿದದ್ದನ್ನು ಇಡಲು ತಂಪು ಇಲ್ಲ. ಫೋನು, ವಿಕ್ರಾಂತ, ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಇದ್ದಾನೆ, ದಾರಿ ಬಂದಾಗಿ ಅಲ್ಲೇ ಮೇಜಿನ ಮೇಲೆ ಮಲಗುತ್ತಾನೆ, ಯವ್ವಾ, ನಾಳಿ ಹೆಂಗರ ಮಾಡಿ ಒಂದ ಜನರೇಟರ್ ಕಳಸ್ತೀನಿ, ಪಡಸಾಲ್ಯಾಗ ಇಟ್ಟು ಬಾಗಿಲಾ ಹಾಕ್ರಿ, ಮಳಿ ತಾಗಂಗಿಲ್ಲ — ಪಡಸಾಲ್ಯಾಗ ಬ್ಯಾಡಪಾ, ದೂರ ಬೇವಿನ ಗಿಡದ ಕೆಳಗ ಇಡಸ್ತೀನಿ, ಮ್ಯಾಲ ತಗಡ ಹಾಕಸ್ತೀನಿ — ಯಾಕ ಬೇ, ಸಪ್ಪಳಕ್ಕೇನ — ಹೂಂ, ಸಪ್ಪಳಕ್ಕ. ಇನ್ನೊಂದು ಸುಳ್ಳು. ಅದೂ ಹೊರಗೆ ಬಿಡುವುದು ಅದೇ ಗಾಳಿಯನ್ನೇ ಮಗನೆ, ಶೇಗಡಿಯ ಗಾಳಿಯನ್ನೇ, ನಿನ್ನ ಅವ್ವನನ್ನು ಒಯ್ದ ಗಾಳಿಯನ್ನೇ, ಅನ್ನಬೇಕಿತ್ತು, ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಆ ಮಧ್ಯಾಹ್ನ ನನ್ನ ತೊಡೆಯ ಮೇಲೆ ಅಳುತ್ತಿದ್ದವನು ಅವನೇ, ಕೂಸು ನನ್ನ ಕೈ ಬಿಡಲಿಲ್ಲ, ಕೂಸಿನ ಜೊತೆ ನನ್ನನ್ನೂ ಭಾವನಿಗೇ, ಅಂದರೆ ಇವರಿಗೇ, ಕೊಟ್ಟು ಈ ಕರೋಶಿಗೆ ಕಳಿಸಿದರು, ಅಕ್ಕನ ಪೆಟ್ಟಿಗೆಯ ಸೀರೆ ನಾನು ಉಟ್ಟೆ, ಅಕ್ಕನ ಜಾಗದಲ್ಲಿ ಮಲಗಿದೆ, ಇವರು ಒಂದು ದಿನವೂ ನನ್ನನ್ನು ತಪ್ಪಿ ಅವಳ ಹೆಸರಿನಿಂದ ಕರೆದವರಲ್ಲ, ತಪ್ಪಿಯಾದರೂ ಕರೆದಿದ್ದರೆ ಅನ್ನಿಸುತ್ತದೆ, ಈ ಮನೆಯಲ್ಲಿ ಅವಳ ಹೆಸರು ಯಾರ ಬಾಯಿಯಲ್ಲೂ ಇಲ್ಲ, ಎಲ್ಲರ ಗಂಟಲಲ್ಲಿ ಇದೆ. ವಿಕ್ರಾಂತನಿಗೆ ತಾಯಿ ಬಾಣಂತನದಲ್ಲಿ ತೀರಿದಳು ಅಂತ ಗೊತ್ತು, ಗಾಳಿ ಹಿಡೀತಂತ ಅನ್ನುತ್ತಾನೆ, ಗಾಳಿಯೇ, ಸುಳ್ಳಲ್ಲ.

ನನಗೂ ಗೊತ್ತಿರಲಿಲ್ಲ, ಎಷ್ಟೋ ವರ್ಷ ಗೊತ್ತಿರಲಿಲ್ಲ, ಗೊತ್ತಾದದ್ದು ಅಥಣಿಯ ಕಡೆ ನಾದಿನಿಯ ಊರಿಗೆ ಹೋಗಿದ್ದಾಗ, ಕಬ್ಬಿನ ಕಟಾವಿನ ದಿನ, ಚಳಿ, ಅವರ ಹೊಲದಲ್ಲಿ ಬೀಡ ಕಡೆಯಿಂದ ಕಬ್ಬು ಕಡಿಯಲು ಬಂದ ಗಂಡ ಹೆಂಡತಿ ತಾಡಪತ್ರಿಯ ಗುಡಿಸಲು ಸುತ್ತ ಮುಚ್ಚಿ ಒಳಗೆ ಬುಟ್ಟಿಯಲ್ಲಿ ಕೆಂಡ ಇಟ್ಟು ಮಲಗಿದ್ದರು, ಬೆಳಿಗ್ಗೆ ಏಳಲಿಲ್ಲ, ಜೀಪಿನಲ್ಲಿ ಆ ಹೆಣ್ಣುಮಗಳ ತಲೆ ನನ್ನ ತೊಡೆಯ ಮೇಲೆ ಇತ್ತು, ಉಸಿರು ಇತ್ತು, ಬದುಕಿದಳು, ಗಂಡನ ಮುಖಕ್ಕೆ ಯಾರೋ ಧೋತರ ಹೊದಿಸಿದ್ದರು, ಗಾಳಿಗೆ ಸರಿಯಿತು, ಆ ಗಲ್ಲ, ಆ ಕೆಂಪು, ನಾನು ಅದನ್ನು ಮೊದಲೇ ನೋಡಿದ್ದೆ. ಡಾಕ್ಟರು ಸಣ್ಣ ವಯಸ್ಸಿನವನು, ನನಗೆ ಬಯ್ಯಲಿಲ್ಲ, ಮೆಲ್ಲಗೆ ಹೇಳಿದ, ಅಮ್ಮಾರ, ಹೊಗಿ ಕಾಣ್ತಿದ್ರ ಮಂದಿ ಹುಷಾರಿರ್ತಾರ್ರಿ, ಕೆಂಡದಾಗಿನ ವಿಷಕ್ಕ ಹೊಗಿ ಇಲ್ಲ, ವಾಸನಿ ಇಲ್ಲ, ಮುಚ್ಚಿದ ಕೋಣ್ಯಾಗ ಅದು ತುಂಬಕೋತ ಹೋಗ್ತೈತಿ, ಮೊದಲ ತಲಿ ನೋಯ್ತೈತಿ, ಆಮ್ಯಾಗ ನಿದ್ದಿ ಬಂದಂಗ ಆಗ್ತೈತಿ, ಮಲಗಿದವರಿಗಿ ತಿಳಿಯೂದ ಇಲ್ಲ, ಮುಖ ಹಿಂಗ ಕೆಂಪ ಆಗ್ತೈತಿ ನೋಡ್ರಿ. ತಲಿ ಸಿಡ್ಯಾಕತ್ತೈತಿ, ಮಕ್ಕೊ, ಎಣ್ಣಿ ಇಳ್ಯಾಕತ್ತೈತಿ. ಆಸ್ಪತ್ರೆಯ ಗೋಡೆ ಹಿಡಿದು ನಿಂತೆ, ಸೆರಗಿನ ತುದಿ, ಒರೆಸಿದಳು, ಹೋಗಲಿಲ್ಲ. ಅಂದಿನಿಂದ ಕಂಡವರಿಗೆಲ್ಲ ಹೇಳಿದ್ದೇನೆ, ಓಣಿಯ ಯಾವ ಬಾಣಂತಿಯ ಮನೆಗೆ ಹೋದರೂ ಮೊದಲು ಕಿಟಕಿ ನೋಡುತ್ತೇನೆ, ತುಳಸವ್ವಗ ಕಿಡಕಿ ಹುಚ್ಚು ಐತಿ ಅಂತ ನಗುತ್ತಾರೆ, ನಗಲಿ, ಅವ್ವನೊಬ್ಬಳಿಗೆ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ, ಅವಳು ಆರಿಸಿ ತೆಗೆದ ಒಂದೊಂದು ಇದ್ದಲಿಯೂ ಅವಳ ಎದೆಯ ಮೇಲೆ ಬಂದು ಕೂರುತ್ತದೆ, ಬೇಡ, ಹೊಳೆ ಕರೆದುಕೊಂಡಿತು ಅಂತಲೇ ಇರಲಿ, ಹೊಳೆಗೆ ಏನು, ಎಷ್ಟು ಜನರ ಆಪಾದನೆ ಹೊತ್ತಿದೆ, ಇದೊಂದು ಭಾರವಲ್ಲ. ತುಳಸಿ, ಎರಡ ಕೆಂಡ ಕೊಡು — ತಲೆ ಎತ್ತಿದರೆ ಅವ್ವ, ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಕೈಯಲ್ಲಿ ಸಣ್ಣ ತಗಡಿನ ಮುಚ್ಚಳ, ಎದಕ ಬೇ, ಎದಕಂದ್ರ, ಬಾಣಂತಿಗಿ ನೀರ ಎರದೀನಿ, ಅಜವಾನದ ಹೊಗಿ ತೋರ್ಸಬ್ಯಾಡೇನ, ಕೂದಲ ಹಸೀನ ಐತಿ ಹುಡುಗೀದು, ಅದಕೂ ನಿನ್ನ ಅಪ್ಪಣಿ ಬೇಕೇನವಾ. ಎರಡೇ ಕೆಂಡ, ಮುಚ್ಚಳದಲ್ಲಿ, ಒಂದು ಗಳಿಗೆಯ ಹೊಗೆ, ಅದಕ್ಕೆ ಬೇಡ ಅನ್ನಲು ಬಾಯಿ ಬರಲಿಲ್ಲ, ತೋರಿಸಿ ಹೊರಗ ತಾ ಬೇ, ಅಂದೆ, ಹೂಂ ಅಂತ ಹೋದಳು, ಬಗ್ಗಿದ ಬೆನ್ನು ಮಳೆಯಲ್ಲಿ ಸಣ್ಣದಾಗುತ್ತಾ ಹೋಯಿತು.

ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದೇನೆ, ಮಳೆ ತಗಡಿನ ಮೇಲೆ ಬಡಿಯುತ್ತಿದೆ, ಎರಡೂ ಸದ್ದು ಸೇರಿ ಬೇರೆ ಏನೂ ಕೇಳಿಸುವುದಿಲ್ಲ, ಕೂಸು ಅತ್ತರೂ ಕೇಳಿಸುವುದಿಲ್ಲ, ಅಳುತ್ತಿದೆಯೋ ಇಲ್ಲವೋ, ಅಳಲಿ, ಅಳುವ ಕೂಸು ಒಳ್ಳೆಯದು, ಉರಿ ಕಮ್ಮಿಯಾಯಿತು, ಹಂಚಿನ ಮೇಲೆ ರೊಟ್ಟಿ ಹಾಕಿ ಕುಳ್ಳು ತರಲು ಹಿಂದಿನ ಬಣವೆಗೆ ಹೋದೆ, ಮೇಲಿನವು ತೊಯ್ದಿದ್ದವು, ಒಳಗೆ ಕೈ ಹಾಕಿ ಒಣಗಿದವನ್ನು ಎಳೆಯುವಷ್ಟರಲ್ಲಿ ಹೊತ್ತಾಯಿತು, ತಿರುಗಿ ಬಂದು ನೋಡಿದರೆ ಒಲೆ ಬರಿದಾಗಿದೆ. ಹಂಚಿನ ಕೆಳಗೆ ಉರಿಯುವ ಒಂದು ಕೊಳ್ಳಿ ಬಿಟ್ಟರೆ ಕೆಂಡವೇ ಇಲ್ಲ, ಯಾರೋ ಎಳೆದುಕೊಂಡಿದ್ದಾರೆ, ಬೂದಿಯ ಗೆರೆ ಒಲೆಯ ಬಾಯಿಂದ ಹೊರಟು ಮನೆಯ ಕಡೆಗೆ ಹೋಗಿದೆ, ಮಳೆಯಲ್ಲಿ ಕರಗುತ್ತಾ, ಗೂಟಕ್ಕೆ ತೂಗುಹಾಕಿದ್ದ ಮಣ್ಣು ಹೊರುವ ಕಬ್ಬಿಣದ ಬುಟ್ಟಿ ಗೂಟದ ಮೇಲೆ ಇಲ್ಲ. ಬುಟ್ಟಿಯ ತುಂಬ ಕೆಂಡ. ಹಣ್ಣಾದ ಕೆಂಡ, ಹೊಗೆ ಇಲ್ಲದ್ದು. ಎಷ್ಟು ಹೊತ್ತಾಯಿತು, ಮೂರು ರೊಟ್ಟಿ, ಇಲ್ಲ, ಹೆಚ್ಚು, ಬಣವೆಯ ಹತ್ತಿರ ಎಷ್ಟು ಹೊತ್ತು, ಓಡುತ್ತಿದ್ದೇನೆ, ಈ ಕಾಲುಗಳಿಗೆ ಓಡುವುದು ಮರೆತುಹೋಗಿದೆ, ಅಂಗಳದ ಕೆಸರು ಹಿಡಿಯುತ್ತದೆ, ಚಪ್ಪಲಿ ಅಲ್ಲೇ ಉಳಿಯಿತು, ಇವರು ದನದ ಕೊಟ್ಟಿಗೆಯಿಂದ, ಏನ ಆತ, ಏ, ಏನ ಆತು ಅನ್ನುತ್ತಿದ್ದಾರೆ, ಅವ್ವನಿಗೆ ಹೇಳಬೇಕಿತ್ತು, ಹೇಳಬೇಕಿತ್ತು, ಮುದುಕಿಯ ಎದೆ ಒಡೆಯುತ್ತದೆ ಅಂತ ನೋಡಿದೆ, ಆ ಎದೆಗೆ ಹೋಲಿಸಿದರೆ ಹುಡುಗಿಯ ಉಸಿರು ದೊಡ್ಡದಲ್ಲವೆ, ಕೂಸಿನ ಉಸಿರು ದೊಡ್ಡದಲ್ಲವೆ, ಎರಡು ಕೆಂಡಕ್ಕೆ ಹೂಂ ಅಂದೆ, ಪಡಸಾಲೆ ಕತ್ತಲು, ಹಗಲಿನಲ್ಲೂ ಕತ್ತಲು, ಎಲ್ಲ ಮುಚ್ಚಿದ್ದಾರೆ, ಕೋಣೆಯ ಬಾಗಿಲು ಮುಚ್ಚಿದೆ, ಒಳಗಿನಿಂದ ಸದ್ದಿಲ್ಲ, ಕೂಸಿನ ಸದ್ದಿಲ್ಲ, ಬಾಗಿಲ ಮೇಲೆ ನನ್ನ ಕೈ, ಹಿಟ್ಟು ಮೆತ್ತಿದ ಕೈ, ಈ ಬಾಗಿಲು ನಾನು ತೆಗೆಯಲಾರೆ, ಒಮ್ಮೆ ತೆಗೆದಿದ್ದೇನೆ, ಅವ್ವನ ಹಿಂದೆ ನಿಂತು ನೋಡಿದ್ದೇನೆ, ತೆಗೆಯಲಾರೆ, ತೆಗೆದೆ.

ಗಾಳಿ. ಮುಖಕ್ಕೆ ತಣ್ಣಗೆ ಬಡಿಯಿತು, ಮಳೆಯ ಹನಿ ಸಮೇತ ಬಡಿಯಿತು, ಕಿಟಕಿಯ ಗಾಜು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದಿದೆ, ಪರದೆ ಒಳಗೆ ಹಾರುತ್ತಿದೆ, ಕಬ್ಬಿಣದ ಬುಟ್ಟಿ ಒಳಗಿಲ್ಲ, ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂತಿದೆ, ಕೆಂಡದ ಮೇಲೆ ಹನಿ ಬಿದ್ದು ಚುಂಯ್ ಚುಂಯ್ ಅನ್ನುತ್ತಿದೆ, ಹೊರಸಿನ ಮೇಲೆ ಸ್ನೇಹಲ, ಕೌದಿ ಕುತ್ತಿಗೆಯತನಕ, ಕಣ್ಣು ಮುಚ್ಚಿ, ಗಲ್ಲ ಕೆಂಪಗೆ — ಸ್ನೇಹಲ, ಸ್ನೇಹಲ, ಭುಜ ಹಿಡಿದು ಅಲುಗಿಸಿದೆ, ಅಕ್ಕಾ ಅಂದೆನೇನೋ, ಗೊತ್ತಿಲ್ಲ — ಏನ್ರಿ ಅತ್ತಿ, ಈಗರ ಕಣ್ಣ ಹತ್ತಿತ್ತು, ಯಾಕ, ಏನಾತ್ರಿ — ತಲಿ ನೋಯ್ತೈತೇನು, ತಲಿ, ತಲಿ ನೋಯ್ತೈತೇನು ಹೇಳು — ಇಲ್ರಿ, ಹಸಿವಿ ಆಗೈತಿ, ಆಯಿ ಕುದಿಯೋ ನೀರ ಹೊಯ್ದು ನನ್ನ ಚರ್ಮಾನ ಸುಲದಾಳ, ಇನ್ನೂ ಉರೀತೈತಿ ನೋಡ್ರಿ ಮುಖಾ. ನೀರಿನ ಕೆಂಪು, ಬಿಸಿನೀರಿನ ಕೆಂಪು, ಮುಟ್ಟಿದರೆ ಬೆಚ್ಚಗಿದೆ, ಉಸಿರು ನನ್ನ ಕೈಗೆ ತಾಗುತ್ತಿದೆ, ಕೂಸು, ಕೂಸೆಲ್ಲಿ — ಕಿಟಕಿಯ ಕೆಳಗೆ ಅವ್ವ ಕೂತಿದ್ದಾಳೆ, ಹೊರಗಿನ ಮಳೆಗೆ ಬೆನ್ನು ಕೊಟ್ಟು, ಬೆನ್ನಿನ ಸೀರೆ, ಕುಪ್ಪಸ, ಜಡೆಯ ಎಳೆ ಎಲ್ಲ ತೊಯ್ದು ಅಂಟಿವೆ, ಮುಂದೆ ಮಡಿಲಲ್ಲಿ ಕೂಸು ತೊಯ್ಯದೆ ಮಲಗಿದೆ, ಬಾಯಿ ಚೀಪುತ್ತಾ ಮಲಗಿದೆ, ಒಂದು ಹನಿಯೂ ಅದಕ್ಕೆ ಬೀಳದ ಹಾಗೆ ಆ ಸಣ್ಣ ಬೆನ್ನು ಇಡೀ ಕಿಟಕಿಗೆ ಅಡ್ಡ ಕೂತಿದೆ. ಬಾಗಿಲಾ ಯಾಕ ಬಡದಿ, ಕೂಸ ಎದ್ದೀತು, ಅನ್ನುತ್ತಾಳೆ, ಎರಡ ಕೆಂಡಕ್ಕ ಕೂದಲ ಒಣಗಲಿಲ್ಲ, ಒಂದ ಬುಟ್ಟಿ ತಂದ್ನಿ, ತೋರ್ಸಿದ್ನಿ, ಹೊರಗ ಇಟ್ನಿ, ಅಷ್ಟಕ್ಕ ಓಡಿ ಬರ್ತಾರೇನ, ಮಾರಿ ಹೆಂಗ ಆಗೇತಿ ನೋಡ ನಿಂದು. ನೀ ತೊಯ್ದಿ ಬೇ, ಕಿಟಕಿ — ಕಿಡಕಿ ತೆಗದಾನ ಒಳಗ ಒಯ್ತೀನಿ ನಾ, ಕುಡಚ್ಯಾಗ ಯಾರ ಮನ್ಯಾಗರ ಕೇಳು, ಕೆಂಚವ್ವ ಎರ್ಯಾಕ ಬಂದ್ರ ಮೊದಲ ಕಿಡಕಿ ತೆಗೀಸ್ತಾಳ ಅಂತಾರ, ಬೈಯ್ಕೋತ ತೆಗೀತಾರ. ಕೂಸಿನ ಕಿವಿಯ ಮೇಲೆ ಸೆರಗು ಎಳೆದಳು, ನನ್ನನ್ನು ನೋಡಲಿಲ್ಲ, ಗೋಡೆ ನೋಡುತ್ತಾ ಅಂದಳು, ಮೆಲ್ಲಗೆ, ಕೂಸಿಗೆ ಹೇಳಿದ ಹಾಗೆ, ಹೌಸಿ ಕೋಣಿಗಿ ಕಿಡಕಿ ಇರಲಿಲ್ಲ.

ಸ್ನೇಹಲ, ಯಾರ ಕೋಣಿರಿ ಆಯಿ, ಅಂದಳು. ಯಾವಾಗಿನಿಂದ ಗೊತ್ತು ಬೇ, ಯಾರು ಹೇಳಿದರು, ಕೇಳಲೆ, ಕೇಳಬಾರದು, ನಾನು ನಿನ್ನಿಂದ ಮುಚ್ಚಿಟ್ಟದ್ದನ್ನು ನೀನು ನನ್ನಿಂದ ಮುಚ್ಚಿಟ್ಟೆಯಾ, ಎಷ್ಟು ಮನೆಗಳ ಕಿಟಕಿ ತೆಗೆದೆ, ಪ್ರತಿ ಕಿಟಕಿ ತೆಗೆಯುವಾಗಲೂ ನಿನಗೆ ಯಾವ ಕೋಣೆ ಕಾಣುತ್ತಿತ್ತು, ಒಬ್ಬಳೇ, ಕುಡಚಿಯ ಆ ಮನೆಯಲ್ಲಿ ಒಬ್ಬಳೇ — ಹೊರಗೆ ಹಂಚಿನ ಮೇಲೆ ರೊಟ್ಟಿ ಕರಕಾಗಿರಬೇಕು, ಹಾಲು ತೆರೆದೇ ಇದೆ, ಬೆಕ್ಕು ಬಂದೀತು, ಅವ್ವನಿಗೆ ಒಣ ಸೀರೆ ಕೊಡಬೇಕು, ಸ್ನೇಹಲಳಿಗೆ ಹಸಿವಾಗಿದೆ, ನುಚ್ಚು ಬಡಿಸಬೇಕು, ಹೋಗಬೇಕು, ನಾನು ಕಾಳಿನ ಕೋಣೆಯ ಆ ಬಾಗಿಲಲ್ಲೇ ನಿಂತಿದ್ದೇನೆ, ಅವ್ವನ ಹಿಂದೆ, ಅವ್ವ ಹೊರಸಿನ ಮೇಲೆ ಬಗ್ಗಿದ್ದಾಳೆ, ಏಳ ಹೌಸಿ, ಸೆರಗಿನ ತುದಿ ನೀರಲ್ಲಿ ಅದ್ದುತ್ತಾಳೆ, ಹಿಂಡುತ್ತಾಳೆ, ಗಲ್ಲ ಒರೆಸುತ್ತಾಳೆ, ಹೋಗುವುದಿಲ್ಲ, ಮತ್ತೆ ಅದ್ದುತ್ತಾಳೆ, ಮತ್ತೆ ಒರೆಸುತ್ತಾಳೆ, ಆ ಕೆಂಪು —